ಮುರಿದ ಚೂರೇ ನಕ್ಷೆ: ಹಳೆಯ ಕಾರಿಗೆ ಮನೆಯಲ್ಲೇ ಬಿಡಿಭಾಗ

ಹಳೆಯ ಕಾರನ್ನು ಬಿಚ್ಚುವಾಗ ಸಿಗುವ ಯಾವ ಚೂರನ್ನೂ ಎಸೆಯಬೇಡಿ. 1954ರ ನನ್ನ ಕಾರನ್ನು ಬಿಚ್ಚಿದ ಮೊದಲ ವಾರ ನಾನು ಎರಡು ಬುಟ್ಟಿ ಕಸ ಹೊರಗೆ ಹಾಕಿದೆ. ಥರ್ಮೋಸ್ಟಾಟ್ ಮುಚ್ಚಳದ ಗ್ಯಾಸ್ಕೆಟ್, ಅಂದರೆ ಎರಡು ಲೋಹದ ಮುಖಗಳ ನಡುವೆ ಸೋರದಂತೆ ಹಾಕುವ ತೆಳು ಹಾಳೆ, ಕೂಡ ಅದರೊಳಗೇ ಹೋಯಿತು. ಹೊಸದನ್ನು ಕತ್ತರಿಸಲು ಕುಳಿತಾಗ ಅದರ ದಪ್ಪ ಎಷ್ಟಿತ್ತೆಂದು ತಿಳಿಯುವ ದಾರಿಯೇ ಉಳಿದಿರಲಿಲ್ಲ. ಈಗ ಪ್ರತಿ ಚೂರೂ ಹೆಸರು ಬರೆದ ಲಕೋಟೆಯೊಳಗೆ ಇರುತ್ತದೆ. ಮುರಿದ ಭಾಗವೇ ನಿಮ್ಮ ನಕ್ಷೆ. ಅದು ಎಲ್ಲಿ ಸವೆದಿದೆ, ಎಲ್ಲಿ ಬಿರುಕು ಬಿಟ್ಟಿದೆ ಎನ್ನುವುದನ್ನು ನೋಡಿದರೆ ಹೊಸದಕ್ಕೆ ಎಲ್ಲಿ ಬಲ ಬೇಕೆಂದು ತಿಳಿಯುತ್ತದೆ.

ಏನನ್ನು ಮಾಡಬಾರದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಬ್ರೇಕ್, ಸ್ಟಿಯರಿಂಗ್, ಸಸ್ಪೆನ್ಷನ್, ಸೀಟ್ ಬೆಲ್ಟ್ ಕಟ್ಟುವ ಜಾಗ, ಇವುಗಳ ಯಾವ ಭಾಗವನ್ನೂ ಮನೆಯಲ್ಲಿ ಮಾಡಬೇಡಿ. ಕೈಕೊಟ್ಟರೆ ಕಾರು ನಿಲ್ಲುತ್ತದೆ ಅಷ್ಟೇ ಎನ್ನುವಂಥ ಭಾಗವಾದರೆ ಪ್ರಯತ್ನಿಸಿ. ಕೈಕೊಟ್ಟರೆ ಕಾರು ನಿಲ್ಲುವುದೇ ಇಲ್ಲ ಎನ್ನುವಂಥದ್ದಾದರೆ, ಎಷ್ಟು ತಿಂಗಳಾದರೂ ಸರಿ, ಸರಿಯಾದ ಭಾಗ ಸಿಗುವವರೆಗೆ ಕಾಯಿರಿ.

ಕಲಿಯಲು ಗ್ಯಾಸ್ಕೆಟ್‌ಗಿಂತ ಒಳ್ಳೆಯ ಕೆಲಸವಿಲ್ಲ. ಹಳೆಯದರ ದಪ್ಪವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯಿರಿ. ಬೋಲ್ಟ್‌ಗಳ ಸುತ್ತ ಅದು ಅಮುಕಿಹೋಗಿರುತ್ತದೆ, ಆದ್ದರಿಂದ ಒತ್ತಡ ಬೀಳದ ಅಂಚಿನಲ್ಲಿ ಅಳತೆ ತೆಗೆದುಕೊಳ್ಳಿ. ಮುಚ್ಚಳವನ್ನು ಎಂಜಿನ್‌ನಿಂದ ಬಿಚ್ಚಿ ಮೇಜಿನ ಮೇಲಿಟ್ಟು, ಅದರ ಮೇಲೆ ಗ್ಯಾಸ್ಕೆಟ್ ಕಾಗದ ಹಾಸಿ. ಎರಕದ ಕಬ್ಬಿಣವಾದರೆ ಗುಂಡು ತಲೆಯ ಸುತ್ತಿಗೆಯಿಂದ ಅಂಚಿನ ಗುಂಟ ಹಗುರವಾಗಿ ತಟ್ಟುತ್ತಾ ಬಂದರೆ ಕಾಗದ ತಾನಾಗಿ ಕತ್ತರಿಸಿಕೊಳ್ಳುತ್ತದೆ. ಅಲ್ಯೂಮಿನಿಯಂ ಮೇಲೆ ಈ ಕೆಲಸ ಬೇಡ. ಅಂಚು ನಜ್ಜಾದರೆ ಎಂಥ ಗ್ಯಾಸ್ಕೆಟ್ ಹಾಕಿದರೂ ನೀರು ಸೋರುತ್ತದೆ. ಅಲ್ಲಿ ಲೋಹದ ಮುಖಕ್ಕೆ ತೆಳುವಾಗಿ ಗ್ರೀಸ್ ಸವರಿ, ಕಾಗದವನ್ನು ಒತ್ತಿ ಅಚ್ಚು ತೆಗೆದು, ಚೂಪಾದ ಬ್ಲೇಡಿನಿಂದ ಕತ್ತರಿಸಿ. ಮೊದಲು ಎದುರುಬದುರಿನ ಎರಡು ಬೋಲ್ಟ್ ತೂತುಗಳನ್ನು ಮಾತ್ರ ಮಾಡಿ, ಬೋಲ್ಟ್ ತೂರಿಸಿ ಕಾಗದವನ್ನು ಬಿಗಿ ಮಾಡಿಕೊಳ್ಳಿ. ಆಮೇಲೆ ಉಳಿದ ತೂತುಗಳು, ನಂತರ ಒಳಗಿನ ಆಕಾರ, ಕೊನೆಗೆ ಹೊರ ಅಂಚು. ಹೊರ ಅಂಚನ್ನು ಮೊದಲೇ ಕತ್ತರಿಸಿದರೆ ಕಾಗದ ಜರುಗುತ್ತದೆ, ತೂತುಗಳು ಒಂದಕ್ಕೊಂದು ಕೂಡುವುದಿಲ್ಲ. ಸಿಲಿಂಡರ್ ಹೆಡ್ ಗ್ಯಾಸ್ಕೆಟ್ ಮಾತ್ರ ಈ ದಾರಿಯಲ್ಲಿ ಆಗುವುದಿಲ್ಲ. ಅದನ್ನು ಕೊಂಡೇ ಹಾಕಬೇಕು.

ರಬ್ಬರ್ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಪೆಟ್ರೋಲ್ ಟ್ಯಾಂಕಿನ ಅಳತೆಯ ಘಟಕದ ಕೆಳಗೆ ಹಾಕಲು ಹಳೆಯ ಟ್ಯೂಬಿನಿಂದ ಒಂದು ಉಂಗುರ ಕತ್ತರಿಸಿದ್ದೆ. ಮೂರನೆಯ ವಾರ ಗ್ಯಾರೇಜಿನ ಬಾಗಿಲು ತೆರೆದಾಗ ಪೆಟ್ರೋಲ್ ವಾಸನೆ ಮೂಗಿಗೆ ಬಡಿಯಿತು. ಉಂಗುರ ಉಬ್ಬಿ, ಮೆತ್ತಗಾಗಿ, ಹೊರಗೆ ಇಣುಕುತ್ತಿತ್ತು. ಪೆಟ್ರೋಲ್, ಆಯಿಲ್ ತಗಲುವಲ್ಲಿ ನೈಟ್ರೈಲ್ ರಬ್ಬರ್ ಹಾಳೆಯನ್ನೇ ಬಳಸಿ. ಸಾಮಾನ್ಯ ಸಿಲಿಕೋನ್ ಸೀಲಂಟ್ ಕೂಡ ಪೆಟ್ರೋಲಿಗೆ ತಡೆಯುವುದಿಲ್ಲ.

ಎಂಜಿನ್ ತಳದ ಆಯಿಲ್ ತೊಟ್ಟಿಯ (ಸಂಪಿನ) ಡ್ರೈನ್ ಬೋಲ್ಟಿನ, ಟೊಳ್ಳಿಲ್ಲದ ತಾಮ್ರದ ವಾಷರ್ ಚಪ್ಪಟೆಯಾಗಿದ್ದು ಗೀರು ಇಲ್ಲದಿದ್ದರೆ ಅದನ್ನೇ ಮತ್ತೆ ಬಳಸಬಹುದು. ಮಂದ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಿ. ಉಕ್ಕನ್ನು ಹೀಗೆ ಮಾಡಿದರೆ ಗಡುಸಾಗುತ್ತದೆ, ತಾಮ್ರ ಮೃದುವಾಗುತ್ತದೆ. ಬಾಗಿಲ ಒಳಹಲಗೆಗೆ 3 ಮಿ.ಮೀ. ಪ್ಲೈವುಡ್ ಸಾಕು, ಮೊದಲು ರಟ್ಟಿನಲ್ಲಿ ಕತ್ತರಿಸಿ ಕೂರಿಸಿ ನೋಡಿ. ಕತ್ತರಿಸಿದ ಅಂಚುಗಳಿಗೆ ವಾರ್ನಿಷ್ ಕುಡಿಸಿ, ಏಕೆಂದರೆ ಬಾಗಿಲೊಳಗೆ ಮಳೆನೀರು ಇಳಿದೇ ಇಳಿಯುತ್ತದೆ.

ನನಗೆ ಅತ್ಯಂತ ಖುಷಿ ಕೊಟ್ಟ ಕೆಲಸವೆಂದರೆ ಕಿಟಕಿ ತಿರುಗಿಸುವ ಹಿಡಿಯ ಪ್ಲಾಸ್ಟಿಕ್ ನಾಬ್. ನಾಲ್ಕರಲ್ಲಿ ಒಂದು ಅರ್ಧ ಮುರಿದಿತ್ತು. ಪಕ್ಕದ ಬಾಗಿಲಿನ ಚೆನ್ನಾಗಿದ್ದ ನಾಬನ್ನೇ ಮಾದರಿ ಮಾಡಿಕೊಂಡೆ. ಅದನ್ನು ತೊಳೆದು, ಒಂದು ಡಬ್ಬಿಯ ತಳಕ್ಕೆ ಜೇಡಿಯಿಂದ ನಿಲ್ಲಿಸಿ, ಎರಡು ಭಾಗ ಬೆರೆಸುವ ಸಿಲಿಕೋನ್ ಸುರಿಯಬೇಕು. ಜೇಡಿಯಲ್ಲಿ ಗಂಧಕ ಇರಬಾರದು, ಇದ್ದರೆ ಕೆಲವು ಸಿಲಿಕೋನ್‌ಗಳು ಗಟ್ಟಿಯಾಗುವುದೇ ಇಲ್ಲ. ನಾಬಿನ ಮೇಲೆ ನೇರವಾಗಿ ಸುರಿಯಬೇಡಿ. ಡಬ್ಬಿಯ ಒಂದು ಮೂಲೆಗೆ, ಎತ್ತರದಿಂದ, ದಾರದಷ್ಟು ಸಣ್ಣ ಧಾರೆಯಾಗಿ ಇಳಿಸಿ. ದ್ರವ ತಾನಾಗಿ ಏರಿ ನಾಬನ್ನು ಮುಳುಗಿಸುತ್ತದೆ, ಗಾಳಿಗುಳ್ಳೆಗಳು ಆ ಧಾರೆಯಲ್ಲೇ ಒಡೆಯುತ್ತವೆ. ಒಂದು ಪೂರ್ತಿ ದಿನ ಅಲುಗಿಸದೆ ಬಿಡಿ. ಗಟ್ಟಿಯಾದ ಸಿಲಿಕೋನ್‌ನಿಂದ ನಾಬನ್ನು ಹೊರತೆಗೆದರೆ ಉಳಿಯುವ ಪೊಳ್ಳೇ ನಿಮ್ಮ ಅಚ್ಚು.

ಬಣ್ಣ ಬೆರೆಸಿದ ಎಪಾಕ್ಸಿ ರಾಳವನ್ನು ಅಚ್ಚಿಗೆ ಹೊಯ್ಯುವ ಮೊದಲು ನಟ್ಟನಡುವೆ ಒಂದು ಹಿತ್ತಾಳೆಯ ಕೊಳವೆ ನಿಲ್ಲಿಸಿ, ಎರಡೂ ತುದಿಗಳನ್ನು ಮೇಣದಿಂದ ಮುಚ್ಚಿ. ತಿರುಗುವಾಗ ಸವೆಯುವುದು ಅದೇ ಜಾಗ. ಹಳೆಯ ನಾಬ್ ಬಿರುಕು ಬಿಟ್ಟಿದ್ದೂ ಅಲ್ಲಿಂದಲೇ. ಗಟ್ಟಿಯಾದ ಮೇಲೆ ಮೇಣ ತೆಗೆದು, ಕೊಳವೆಗೆ ಒಂದು ಹನಿ ಎಣ್ಣೆ ಬಿಟ್ಟು, ಹಿಡಿಗೆ ಜೋಡಿಸಿ ಕಿಟಕಿಯನ್ನು ಹತ್ತು ಸಲ ಏರಿಸಿ ಇಳಿಸಿ. ಎಲ್ಲಾದರೂ ಹಿಡಿದಂತೆ ಅನ್ನಿಸಿದರೆ ರಿವೆಟ್ ಬಡಿಯುವ ಮುಂಚೆಯೇ ಕೊಳವೆಯ ಒಳಗನ್ನು ಸಣ್ಣ ಅರದಿಂದ ಒಂದೆರಡು ಸುತ್ತು ಉಜ್ಜಿ.