ಅಡಿಕೆ ತೋಟದ ಕಳೆಯನ್ನು ವಿಷವಿಲ್ಲದೆ ಹತೋಟಿಯಲ್ಲಿಡುವ ಬಗೆ

ಆಳು ಸಿಗದ ಕಾರಣಕ್ಕೆ ಮಲೆನಾಡಿನ ಎಷ್ಟೋ ಅಡಿಕೆ ತೋಟಗಳಲ್ಲಿ ಕಳೆನಾಶಕ ಹೊಡೆಯುವುದು ವಾಡಿಕೆಯಾಗಿದೆ. ಅದರಲ್ಲಿ ಮುಖ್ಯವಾದ ಗ್ಲೈಫೋಸೇಟನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂದು ವರ್ಗೀಕರಿಸಿತು. ಅಮೆರಿಕ ಮತ್ತು ಯುರೋಪಿನ ನಿಯಂತ್ರಣ ಸಂಸ್ಥೆಗಳು ಇದನ್ನು ಒಪ್ಪಲಿಲ್ಲ. ಈ ವಾದ ತೀರುವವರೆಗೆ ವರ್ಷಗಟ್ಟಲೆ ಬೆನ್ನಿಗೆ ಪಂಪು ಹೊತ್ತವರ ಮೈಯನ್ನು ಪಣಕ್ಕಿಡುವುದು ತಪ್ಪೆಂದೇ ನಾನು ನಂಬಿದ್ದೇನೆ. ಪ್ಯಾರಾಕ್ವಾಟ್ ಎಂಬ ಮತ್ತೊಂದು ಕಳೆನಾಶಕ ಇನ್ನೂ ಅಪಾಯಕಾರಿ: ಅದು ಹೊಟ್ಟೆ ಸೇರಿದರೆ ಪ್ರತಿವಿಷವೇ ಇಲ್ಲ, ಅದರ ದೀರ್ಘಕಾಲದ ಒಡನಾಟಕ್ಕೂ ಪಾರ್ಕಿನ್ಸನ್ ಕಾಯಿಲೆಗೂ ನಂಟಿರುವುದನ್ನು ಹಲವು ಅಧ್ಯಯನಗಳು ಸೂಚಿಸಿವೆ. ಯುರೋಪಿನ ಒಕ್ಕೂಟದಲ್ಲಿ 2007ರಿಂದ ಅದರ ಬಳಕೆಗೆ ಅವಕಾಶವಿಲ್ಲ.

ತೋಟದಲ್ಲಿ ಮೊದಲು ಬಿಡಬೇಕಾದದ್ದು ನೆಲ ಬೋಳಾಗಿರಬೇಕೆಂಬ ಹಟವನ್ನು. ಅಡಿಕೆಯ ಬೇರು ಮೇಲುಮಣ್ಣಿನಲ್ಲೇ ಹರಡುವುದರಿಂದ, ಹುಲ್ಲು ಸುಟ್ಟುಹೋದ ಇಳಿಜಾರಿನಲ್ಲಿ ಆಷಾಢದ ಮಳೆಗೆ ಮಣ್ಣಿನೊಡನೆ ಗೊಬ್ಬರವೂ ಕೊಚ್ಚಿಹೋಗುತ್ತದೆ. ಆದ್ದರಿಂದ ಕಳೆಯನ್ನು ಬೇರುಸಹಿತ ಕೀಳದೆ, ನಾಲ್ಕು ಬೆರಳು ಉಳಿಯುವಂತೆ ಸವರಿ, ಸವರಿದ್ದನ್ನು ಅಲ್ಲೇ ಬಿಡಬೇಕು. ಇದರಲ್ಲಿ ಹೊತ್ತು ನೋಡುವುದೇ ಮುಖ್ಯ: ಹೂ ಬಿಟ್ಟು ಬೀಜ ಬಲಿಯುವ ಮುನ್ನ ಸವರಿದರೆ ಮುಂದಿನ ವರ್ಷದ ಕಳೆ ತಗ್ಗುತ್ತದೆ, ಬೀಜ ಉದುರಿದ ಮೇಲೆ ಸವರಿದರೆ ಬಿತ್ತಿದಂತೆಯೇ ಆಗುತ್ತದೆ. ವೀಡ್ ಕಟರ್ ಬಳಸುವವರು ಮುಖಕ್ಕೆ ಪರದೆ, ಕಾಲಿಗೆ ಗಟ್ಟಿ ಬೂಟು ಹಾಕಿಕೊಳ್ಳಬೇಕು. ಮರದ ಬುಡಕ್ಕೆ ಅಲಗು ತಾಗಿದರೆ ಗಾಯವಾಗುವುದರಿಂದ ಬುಡದ ಸುತ್ತಲನ್ನು ಕತ್ತಿಯಿಂದಲೇ ಬಿಡಿಸುವುದು ಒಳ್ಳೆಯದು. ಗರಿಕೆ ಮತ್ತು ಜೇಕು ಮಾತ್ರ ಸವರಿದಷ್ಟಕ್ಕೆ ಸಾಯುವುದಿಲ್ಲ, ಗರಿಕೆಯ ನೆಲದೊಳಗಿನ ಕಾಂಡವನ್ನೂ ಜೇಕಿನ ಗಡ್ಡೆಯನ್ನೂ ಗುದ್ದಲಿಯಿಂದ ಅಗೆದು ತೆಗೆಯಬೇಕು.

ಮಳೆ ಹಿಂದೆ ಸರಿದ ಮೇಲೆ ಸೋಗೆ, ಸೊಪ್ಪು, ದರಕುಗಳನ್ನು ದಪ್ಪವಾಗಿ ಹೊದಿಸಿದರೆ ಬೆಳಕು ಸಿಗದೆ ಕಳೆಯ ಬೀಜ ಮೊಳೆಯುವುದು ಕಡಿಮೆಯಾಗುತ್ತದೆ, ಬೇಸಿಗೆಯಲ್ಲಿ ತೇವವೂ ಉಳಿಯುತ್ತದೆ. ಎಳೆಯ ತೋಟದಲ್ಲಿ ಬಿಸಿಲು ಬೀಳುವಲ್ಲಿ ಅಲಸಂದೆಯನ್ನು ಬಿತ್ತಬಹುದು. ಬಳ್ಳಿ ಸಸಿಯ ಮೇಲೆ ಹಬ್ಬದಂತೆ ಮಾತ್ರ ನೋಡಿಕೊಳ್ಳಬೇಕು.

ಗ್ಲೈಫೋಸೇಟನ್ನು ಕೀಟ ನಿಯಂತ್ರಣ ಪರವಾನಗಿದಾರರ ಮೂಲಕವಲ್ಲದೆ ಯಾರೂ ಬಳಸಬಾರದೆಂದು ಕೇಂದ್ರ ಕೃಷಿ ಸಚಿವಾಲಯವು 2022ರ ಅಕ್ಟೋಬರಿನಲ್ಲಿ ಆದೇಶಿಸಿದೆ. ಯಾವುದೇ ಕಳೆನಾಶಕವಿರಲಿ, ಮೈಗೆ ಹೆಚ್ಚು ತಾಗುವುದು ಡಬ್ಬಿಯ ಗಟ್ಟಿ ದ್ರಾವಣವನ್ನು ನೀರಿಗೆ ಬೆರೆಸುವಾಗ. ಆಗ ರಾಸಾಯನಿಕ ತಡೆಯುವ ಕೈಗವಸು ಇರಲೇಬೇಕು. ಸಿಂಪಡಿಸಿದವರ ಬಟ್ಟೆಯನ್ನು ಮನೆಯವರ ಬಟ್ಟೆಯೊಡನೆ ಒಗೆಯಬಾರದು. ಹಿಂದೆ ವರ್ಷಗಟ್ಟಲೆ ಸಿಂಪಡಿಸಿದವರು ವೈದ್ಯರ ಬಳಿ ಹೋದಾಗ, ಅವರು ಕೇಳದಿದ್ದರೂ, ಯಾವ ಕಳೆನಾಶಕವನ್ನು ಎಷ್ಟು ಕಾಲ ಹೊಡೆದೆವೆಂಬುದನ್ನು ತಾವಾಗಿಯೇ ಹೇಳಬೇಕು.