ಸ್ಕಿಜೋಫ್ರೇನಿಯಾ: ಯುಡಿಐಡಿ ಕಾರ್ಡು, ಆಮೇಲೆ ಸ್ವಂತ ಬೀಗದ ಕೈ

"ಕಾರ್ಡ್ ಮಾಡಿಸಿದ್ರೆ ನಾನು ಕೈಲಾಗದವನು ಅಂತ ಸರ್ಕಾರಾನೇ ಬರ್ಕೊಟ್ಟ ಹಾಗಲ್ವಾ?" ನಮ್ಮಣ್ಣ ಎರಡು ವರ್ಷ ಈ ಒಂದು ಮಾತು ಹಿಡಿದು ಕೂತಿದ್ದ. ಕಾರ್ಡ್ ಅಂದರೆ ಯುಡಿಐಡಿ, ಸರ್ಕಾರ ಕೊಡುವ ವಿಕಲಚೇತನರ ಗುರುತಿನ ಚೀಟಿ. ಅವನಿಗೆ ಸ್ಕಿಜೋಫ್ರೇನಿಯಾ, ಇಲ್ಲದ ದನಿ ಕೇಳಿಸಬಹುದಾದ, ಇಲ್ಲದ ಸಂಶಯ ಕಾಡಬಹುದಾದ ಮಾನಸಿಕ ಕಾಯಿಲೆ. ಕೊಡಗಿನ ಶನಿವಾರಸಂತೆ ಕಡೆಯ ನಮ್ಮೂರಲ್ಲಿ ಅದಕ್ಕೆ ಹೆಸರಿಲ್ಲ, 'ತಲೆ ಸರಿಯಿಲ್ಲ' ಅಂದರೆ ಮುಗಿಯಿತು. ಈಗ ಅವನ ಹತ್ತಿರ ಕಾರ್ಡೂ ಇದೆ, ಬೇರೆ ಮನೆಯೂ ಇದೆ. ಎರಡನ್ನೂ ಮಾಡಿಕೊಂಡ ದಾರಿ ಇದು.

ಕಾನೂನು ನಮ್ಮ ಪರ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಬಗೆಯ ವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಹೆಚ್ಚಿನ ಸೌಲಭ್ಯಗಳಿಗೆ ವೈಕಲ್ಯ ಶೇ 40 ಇರಬೇಕು.

ಮೊದಲು ಕಾಗದ ಕೂಡಿಸಿ

ಹಳೆಯ ಒಪಿಡಿ ಚೀಟಿ, ಮಾತ್ರೆ ಚೀಟಿ, ಡಿಸ್ಚಾರ್ಜ್ ಸಮ್ಮರಿ ಏನೇ ಇದ್ದರೂ ತಾರೀಖಿನ ಪ್ರಕಾರ ಜೋಡಿಸಿ. ವೈದ್ಯರು ವೈಕಲ್ಯ ಅಳೆಯುವಾಗ ಕಾಯಿಲೆ ಎಷ್ಟು ವರ್ಷದಿಂದ ಇದೆ ಎಂಬುದಕ್ಕೇ ಅಂಕವಿದೆ, ಹಾಗಾಗಿ ಎಲ್ಲಕ್ಕಿಂತ ಹಳೆಯ ಚೀಟಿಗೆ ಬೆಲೆ ಜಾಸ್ತಿ. ಪ್ಲಾಸ್ಟಿಕ್ ಕವರಿನಲ್ಲಿಡಿ. ಜುಲೈ ಮಳೆಗೆ ಬೂಷ್ಟು ಹಿಡಿಯದ ಕಾಗದ ಕೊಡಗಿನಲ್ಲಿ ಯಾವುದಿದೆ? ಇಷ್ಟು ದಿನ ಖಾಸಗಿಯಲ್ಲೇ ತೋರಿಸಿದ್ದರೆ ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಒಂದು ಕಡತ ತೆರೆಸಿ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ಏರ್ಪಾಡು ರಾಜ್ಯದಲ್ಲಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ವಿಚಾರಿಸಿ.

ಅರ್ಜಿ ಹಾಕುವಾಗ

ಅರ್ಜಿ 'ಸ್ವಾವಲಂಬನ್' ಜಾಲತಾಣದಲ್ಲಿ. ಆಧಾರ್, ಫೋಟೊ, ವಿಳಾಸದ ದಾಖಲೆ ಬೇಕು. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದರೆ ಅವರ ಸಹಾಯ ಕೇಳಿ, ಅದು ಅವರ ಕೆಲಸವೇ.

ನಾವು ಒಂದು ಸೈಬರ್ ಅಂಗಡಿಗೆ ಹೋದೆವು. ಆ ಹುಡುಗ 'ಬುದ್ಧಿಮಾಂದ್ಯ' ಎಂಬ ಕಡೆ ಟಿಕ್ ಹಾಕಿಬಿಟ್ಟ. ಎರಡೂ ಒಂದೇ ಅಂದುಕೊಂಡವರು ಅವನೊಬ್ಬನೇ ಅಲ್ಲ. ಬುದ್ಧಿಮಾಂದ್ಯ ಬೇರೆ, ಮಾನಸಿಕ ಕಾಯಿಲೆ ಬೇರೆ. ಕಾಯ್ದೆಯೇ ಎರಡನ್ನೂ ಬೇರೆ ಮಾಡಿದೆ. ತಪ್ಪು ಟಿಕ್ ಸರಿಯಾಗುವಷ್ಟರಲ್ಲಿ ನಮಗೆ ಮೂರು ಸಲ ಬಸ್ ಚಾರ್ಜು. ಇದೇ ಗೊಂದಲದಲ್ಲಿ ಕೆಲವರು ನ್ಯಾಷನಲ್ ಟ್ರಸ್ಟ್‌ನ 'ನಿರಾಮಯ' ವಿಮೆಗೂ ಓಡಾಡುತ್ತಾರೆ. ಆ ಟ್ರಸ್ಟ್‌ನ 1999ರ ಕಾಯ್ದೆಯೊಳಗೆ ಸ್ಕಿಜೋಫ್ರೇನಿಯಾ ಬರುವುದಿಲ್ಲ.

ತಪಾಸಣೆಯ ದಿನ

ಎಲ್ಲರೂ ಎಡವುವುದು ಇಲ್ಲೇ. ವೈದ್ಯರು ಅಳೆಯುವುದು 'ಐಡಿಯಾಸ್' ಎಂಬ ಭಾರತದ್ದೇ ಮಾಪಕದಿಂದ. ನಾಲ್ಕು ವಿಷಯ: ತನ್ನನ್ನು ತಾನು ನೋಡಿಕೊಳ್ಳುವುದು, ಜನರೊಡನೆ ಬೆರೆಯುವುದು, ಮಾತು ಮತ್ತು ಗ್ರಹಿಕೆ, ಕೆಲಸ. ಪ್ರತಿಯೊಂದಕ್ಕೂ 0ಯಿಂದ 4, ಕಷ್ಟ ಹೆಚ್ಚಾದಷ್ಟೂ ಅಂಕ ಹೆಚ್ಚು. ಅದಕ್ಕೆ ಕಾಯಿಲೆಯ ಅವಧಿಯ ಅಂಕ ಕೂಡಿಸುತ್ತಾರೆ, ಒಟ್ಟು 20. ಒಬ್ಬರಿಗೆ ಕ್ರಮವಾಗಿ 1, 2, 1, 3 ಬಂತು, ಕಾಯಿಲೆ ಎಂಟು ವರ್ಷದ್ದಾದ್ದರಿಂದ ಇನ್ನೊಂದು 3 ಎನ್ನಿ. ಒಟ್ಟು 10. ಅಂದರೆ ಶೇ 40ರಿಂದ 70ರ ಗುಂಪು.

ನಾವು ಮಾಡುವುದೇನು? ಇಸ್ತ್ರಿ ಶರ್ಟು ಹಾಕಿಸಿ, ತಲೆಗೆ ಎಣ್ಣೆ ಹಚ್ಚಿ ಕರೆದುಕೊಂಡು ಹೋಗುತ್ತೇವೆ. ಡಾಕ್ಟರು "ಸ್ನಾನ ನೀವೇ ಮಾಡ್ತೀರಾ?" ಎಂದರೆ "ಹೂಂ ಸಾರ್, ಎಲ್ಲ ನಾನೇ" ಎನ್ನುತ್ತಾನೆ ಅಣ್ಣ. ಹಂಡೆಗೆ ಬೆಂಕಿ ಹಾಕಿ, ಟವೆಲ್ ಕೈಗೆ ಕೊಟ್ಟು, ಮೂರು ಸಲ ಕೂಗಿದರೆ ಆ ಸ್ನಾನ ಎಂಬುದನ್ನು ಯಾರು ಹೇಳಬೇಕು? ಜೊತೆಗೆ ಹೋದವರೇ. ಹಿಂದಿನ ವಾರ ನಡೆದದ್ದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ಕಾಯಿಲೆ ಇರುವವರಿಗೂ ಓದಿ ತೋರಿಸಿ. ಬೆನ್ನ ಹಿಂದೆ ಹೇಳಿದರೆ ಸಂಶಯ ಹುಟ್ಟುತ್ತದೆ, ಈ ಕಾಯಿಲೆಯಲ್ಲಂತೂ ಕೇಳಲೇಬೇಡಿ. ಇಲ್ಲದ್ದನ್ನು ಕೂಡಿಸಬೇಡಿ, ಇದ್ದದ್ದನ್ನು ನುಂಗಬೇಡಿ.

ಕಾರ್ಡಿನ ಬಣ್ಣ ಶೇ 40ಕ್ಕಿಂತ ಕೆಳಗಿದ್ದರೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮುಟ್ಟಿದರೆ ನೀಲಿ.

ಕಾರ್ಡು ಬಂದ ಮೇಲೆ

ಮಾಸಾಶನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ, ಆದಾಯದ ಮಿತಿ ಇದೆ. ಬಸ್ ಪಾಸಿಗೆ ಬೇರೆ ಅರ್ಜಿ. ಕೇಂದ್ರ ಸರ್ಕಾರಿ ನೌಕರಿಯಲ್ಲಿ ವಿಕಲಚೇತನರಿಗಿರುವ ಶೇ 4ರ ಮೀಸಲಿನಲ್ಲಿ ಶೇ 1 ಮಾನಸಿಕ ಕಾಯಿಲೆ ಸೇರಿದ ಗುಂಪಿನದು. ಇದಕ್ಕಿಂತ ದೊಡ್ಡದು 2016ರ ಕಾಯ್ದೆಯ 20ನೇ ಕಲಂ: ಸರ್ಕಾರಿ ನೌಕರಿಯಲ್ಲಿದ್ದಾಗ ಕಾಯಿಲೆ ಬಂತೆಂದು ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಹೆದರಿ ತಾವೇ ರಾಜೀನಾಮೆ ಬರೆದುಕೊಟ್ಟವರಿದ್ದಾರೆ. ಬರೆಯಬೇಡಿ.

ಅಣ್ಣನ ಪ್ರಶ್ನೆಗೆ ಉತ್ತರ 13ನೇ ಕಲಮಿನಲ್ಲಿದೆ. ಆಸ್ತಿ ಹೊಂದುವುದು, ತನ್ನ ಹಣ ತಾನೇ ನಡೆಸುವುದು, ಬ್ಯಾಂಕ್ ಸಾಲ ಪಡೆಯುವುದು, ಎಲ್ಲದರಲ್ಲೂ ಉಳಿದವರಷ್ಟೇ ಹಕ್ಕು. ಅವನಿಗೆ ಎಲ್ಲಿ ಆಸರೆ ಬೇಕು ಎಂದಷ್ಟೇ ಕಾರ್ಡು ಹೇಳುತ್ತದೆ. ಅದನ್ನು ತೋರಿಸಿ ಕಾಫಿ ತೋಟದ ಪಾಲು ಬರೆಸಿಕೊಳ್ಳಲು ಬರುವ ನೆಂಟರಿಗೆ ಈ ಕಲಂ ಓದಿ ಹೇಳಿ.

ಬೇರೆ ಮನೆ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸಮುದಾಯದ ನಡುವೆ ಬದುಕುವ ಹಕ್ಕು ಕೊಟ್ಟಿದೆ. ಹಕ್ಕಿದೆ ಎಂದು ತೋಟದ ತುದಿಯಲ್ಲಿ ಕೂಲಿಯವರಿಗೆ ಕಟ್ಟಿದ ಲೈನ್ ಮನೆಗೆ ಕಳಿಸಬೇಡಿ. ಕತ್ತಲಾದರೆ ಆನೆ, ಮಳೆಗೆ ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ. ಬಸ್ ನಿಲ್ಲುವ ರಸ್ತೆಗೆ ಹತ್ತಿರ, ಅಂಗಡಿಗೆ ನಡೆದು ಹೋಗುವಷ್ಟು ದೂರ ನೋಡಿ. ನಾವು ಮೊದಲ ತಿಂಗಳು ವಾರಕ್ಕೆ ಎರಡು ರಾತ್ರಿ ಮಾತ್ರ, ಆಮೇಲೆ ನಾಲ್ಕು ಎಂದು ಏರಿಸಿದೆವು.

ಜೂನ್ ಬರುವ ಮೊದಲು ಎರಡು ವಾರದ ಮಾತ್ರೆ ಹೆಚ್ಚಿಗೆ ಕೇಳಿ ಇಟ್ಟುಕೊಳ್ಳಿ. ರಸ್ತೆ ಕುಸಿದರೆ ಏನಾಗುತ್ತದೆಂದು 2018ರಲ್ಲಿ ನೋಡಿದ್ದೇವೆ. ದಿನವೂ ಮಾತ್ರೆ ಮರೆಯುವವರಿಗೆ ಎರಡು-ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಇದೆ, ವೈದ್ಯರನ್ನು ಕೇಳಿ. ಕ್ಲೋಜಪಿನ್ ಎಂಬ ಮಾತ್ರೆ ತೆಗೆದುಕೊಳ್ಳುವವರು ರಕ್ತಪರೀಕ್ಷೆ ತಪ್ಪಿಸುವಂತಿಲ್ಲ. ಮದುವೆ ಮನೆಯಲ್ಲಿ "ಒಂದೇ ಪೆಗ್ಗು" ಎಂದು ಗ್ಲಾಸು ಹಿಡಿಸುವವರನ್ನು ಮೊದಲೇ ಪಕ್ಕಕ್ಕೆ ಕರೆದು ಹೇಳಿಬಿಡಿ.

ಕೆಲಸ ಅರ್ಧ ದಿನದಿಂದ ಶುರುವಾಗಲಿ. ಅಣ್ಣ ಕಣದಲ್ಲಿ ಕಾಫಿ ತಿರುವುತ್ತಾನೆ. ಗದ್ದಲವಿಲ್ಲ, ಯಾರೊಡನೆಯೂ ಮಾತಾಡಲೇಬೇಕೆಂದಿಲ್ಲ. ಕುಯ್ಲಿನ ಗುಂಪಿನಲ್ಲಿ ಅವನಿಗೆ ಆಗುವುದಿಲ್ಲ.

ಕಾಯಿಲೆ ಮರಳುವ ಸೂಚನೆಯನ್ನು ಆರೋಗ್ಯವಾಗಿದ್ದಾಗಲೇ ಇಬ್ಬರೂ ಕೂತು ಬರೆಯಿರಿ. ಅವನದು ನಿದ್ದೆ: ಎರಡು ರಾತ್ರಿ ನಿದ್ದೆ ಕೆಟ್ಟರೆ ಆಸ್ಪತ್ರೆಗೆ. ತನ್ನ ಪರವಾಗಿ ಯಾರು ಮಾತಾಡಬೇಕು ಎಂಬ ನಾಮನಿರ್ದೇಶನವನ್ನು ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿದರೆ ಸಾಕು. ರಾತ್ರಿ ಹೊತ್ತು ದಿಕ್ಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಕನ್ನಡದಲ್ಲೇ ಮಾತಾಡಬಹುದು.

ನಮ್ಮ ಒಪ್ಪಂದದಲ್ಲಿ ಕೊನೆಯದು ಬೀಗದ ಕೈ. ಒಂದು ಅವನ ಹತ್ತಿರ, ಇನ್ನೊಂದು ನನ್ನ ಹತ್ತಿರ. ಎರಡು ದಿನ ಫೋನ್ ಎತ್ತದಿದ್ದರೆ ಮಾತ್ರ ನಾನು ಬಾಗಿಲು ತೆಗೆಯಬಹುದು. ಇದುವರೆಗೆ ಒಂದೇ ಸಲ ತೆಗೆದಿದ್ದೇನೆ. ಕರೆಂಟಿಲ್ಲದೆ ಫೋನ್ ಸತ್ತಿತ್ತು, ಅವನು ಸಂತೆಗೆ ಹೋಗಿದ್ದ. ವಾಪಸು ಬಂದವನು ಮೀನಿನ ಚೀಲ ಕೆಳಗಿಟ್ಟು, "ಇನ್ಮೇಲೆ ಮೂರು ದಿನ ಅಂತ ಬರ್ಕೋ" ಎಂದ.