ರಾಯಚೂರಿನ ಎರೆ ಮಣ್ಣಿನ ಹಿತ್ತಲಿಗೆ ಪೇವರ್ ಹಾಕಿಸೋದು ಹೇಗೆ

ಎರೆ ಮಣ್ಣಿನ ಮೇಲೆ ಸುಮ್ನೆ ಮರಳು ಹರಡಿ ಪೇವರ್ ಬ್ಲಾಕ್ (ನೆಲಕ್ಕೆ ಹಾಸೋ ಕಾಂಕ್ರೀಟ್ ಬಿಲ್ಲೆ) ಜೋಡಿಸಬೇಡಿ. ಮಳೆಗೆ ಉಬ್ಬಿ ಬೇಸಿಗೆಗೆ ಬಿರುಕು ಬಿಡೋ ಮಣ್ಣು ಅದು, ಬ್ಲಾಕ್ ಎದ್ದು ಕಾಲಿಗೆ ತಾಗುತ್ತವೆ. ಒಂದು ಅಡಿ ಅಗೆಸಿ. 12×10 ಅಡಿ ಜಾಗಕ್ಕೆ 8 ಇಂಚು ಗರಸು (ಕಲ್ಲುಹರಳು ಬೆರೆತ ಮಣ್ಣು) ಅಂದರೆ ಲೆಕ್ಕಕ್ಕೆ 80 ಘನ ಅಡಿ, ಆದರೆ ದಮ್ಮಸು ಮಾಡಿದಾಗ, ಅಂದರೆ ಬಡಿದು ಗಟ್ಟಿ ಮಾಡಿದಾಗ, ಕುಗ್ಗುತ್ತೆ ಅಲ್ವಾ, ಅದಕ್ಕೆ ಪೂರ್ತಿ ಒಂದು ಬ್ರಾಸ್, 100 ಘನ ಅಡಿ, ತರಿಸಿ. ನಾಲ್ಕು ಇಂಚಿಗೊಮ್ಮೆ ನೀರು ಹೊಡೆದು ದಮ್ಮಸು ಆಗಬೇಕು. ಮೇಸ್ತ್ರಿ "ಒಂದೇ ಸಲ ಸಾಕು ಬಿಡ್ರಿ" ಅಂದರೆ ಒಪ್ಪಬೇಡಿ. ಮೇಲೆ ಒಂದು ಇಂಚು ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು). ಮನೆಯಿಂದ ಆಚೆಗೆ 10 ಅಡಿಗೆ 2 ಇಂಚು ಇಳಿಜಾರು ಇರಲಿ. ಓಡಾಡೋಕೆ 60 ಎಂಎಂ ದಪ್ಪದ ಬ್ಲಾಕ್ ಸಾಕು, ಒಡೆದದ್ದು ಕತ್ತರಿಸಿದ್ದು ಸೇರಿ 130 ಚದರಡಿ ತನ್ನಿ. ಅಂಚಿಗೆ ಕಾಂಕ್ರೀಟ್ ಹಾಕಿಸಿ, ಇಲ್ಲದಿದ್ದರೆ ಬ್ಲಾಕ್ ಸರಿಯುತ್ತವೆ. ಕೊನೆಗೆ ಒಣ ಮರಳನ್ನು ಪೊರಕೆಯಿಂದ ಸಂದಿಗೆ ತುಂಬಿ.